ಹಮ್ಮಿಗಿ ಹೊಳ್ಯಾಗ ಸಮುದ್ರದ ಅಂಜಿಕಿ

ಕರ್ನಾಟಕ ಒಂದಾದ ಮ್ಯಾಲ ಮಂಗಳೂರು ಕಡಿಯಿಂದ ನಮ್ಮ ಸಾಲಿಗೊಬ್ಬ ಮಾಸ್ತರು ಬಂದ್ರು. ಬ್ಯಾಸಗ್ಯಾಗ ಅವರನ್ನ ಹಮ್ಮಿಗಿ ಹೊಳಿಗೆ ಜಳಕಕ್ಕ ಕರಕೊಂಡು ಹೋದೆ. ಮೊಣಕಾಲುದ್ದ ನೀರು. ನಾನು ಅರಿವಿ ಉಸುಕಿನ ಮ್ಯಾಲ ಇಟ್ರ, ಅವರು ದಂಡಿ ಹತ್ತಿ ಜಾಲಿಗಿಡಕ್ಕ ತೂಗುಹಾಕಿದ್ರು.

“ಕಳ್ಳರ ಅಂಜಿಕೇನ್ರಿ?”

“ಅಲ್ಲ ಮಾರಾಯ್ರೆ, ನೀರು ಏರಿದ್ರೆ? ನಮ್ಮಲ್ಲಿ ಚಂದ್ರ ಸಮುದ್ರವನ್ನು ಎಳೀತಾನೆ. ದಿನಕ್ಕೆ ಎರಡು ಸಲ ಉಬ್ಬರ ಬಂದು ನಮ್ಮೂರ ಹೊಳೆಯೂ ತುಂಬ್ತದೆ. ಆದ್ರೆ ಉಪ್ಪು ನೀರು.”

ಉಪ್ಪಾದ್ರೇನು, ಹೋದ ನೀರು ಸಂಜೀಕ ತಿರುಗಿ ಬರತೈತಲ್ಲ! ನಮ್ಮದು ಶಿವರಾತ್ರಿಗೆ ಇಳಿದ್ರ ಮಳಿಗಾಲಕ್ಕ ಏರೂದು.

“ಚಂದ್ರ ನಮಗೂ ಮೂಡ್ತಾನಲ್ರಿ?”

“ಇಷ್ಟು ಸಣ್ಣ ಹೊಳೆ ಅವನಿಗೆ ಎಳೆಯಲಿಕ್ಕೆ ಸಾಲದು, ಸಮುದ್ರವೇ ಬೇಕು.”

ಅವತ್ತು ಹುಣ್ಣಿವಿ. ತಿರುಗಿ ಬರೂವಾಗ ಚಂದ್ರ ಮೂಡಿದ್ದ, ಸಾವಕಾರನ ಮನ್ಯಾಗ ದಿನಾ ಎರಡು ಹೊತ್ತು ಉಂಡು, ನಮಗ ಬರೇ ಮಾರಿ ತೋರಿಸಿ ಹೋಗೂ ಬೀಗನಂಗ.