ಹೋಗಿ ಒಂದು ಲೋಟ ನೀರು ತಾ

ನಾನಾಗಿ ಕೇಳಿ ತೆಗೆದುಕೊಂಡ ಕೆಲಸವಲ್ಲ ಅದು. ಬಣಕಲ್ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಆಗಿರುವ ತಪ್ಪಿಗೆ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ಅಲ್ಲಿ ಒಬ್ಬರು ಕೇಳಿದರು: "ಮಿಸ್, ಮೊಬೈಲಲ್ಲಿ ಒಂದು ಕಾಮಿಡಿ ಸೀರಿಯಲ್ ಬರ್ತಿದೆ. ಮಕ್ಕಳು ಬಿಟ್ಟು ಏಳೋದೇ ಇಲ್ಲ. ಅವ್ರು ನೋಡೋ ಹಂಗಿದೆಯಾ ಅಂತ ನೀವೊಂದ್ಸಲ ನೋಡಿ ಹೇಳ್ತೀರಾ?" ಕೂಡಲೇ ಉಳಿದವರೆಲ್ಲ ಕೈಮುಗಿಯುವ ಚಿತ್ರ ಹಾಕಿದರು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಯಾವತ್ತೂ ಬರುವುದಿಲ್ಲ, ಅದೇ ನನ್ನ ರೋಗ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು, ಸೊಂಟ ಹಿಡಿದುಕೊಂಡು, ಮೊಬೈಲನ್ನು ಟಿ.ವಿ.ಗೆ ಜೋಡಿಸಿ ಕೂತೆ. ನಮ್ಮನೆಯವರು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಇರುವುದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಎಂಟನೇ ಕ್ಲಾಸು, ಚಿಕ್ಕವಳು ಮೂರನೇ ಕ್ಲಾಸು. ಸೀರಿಯಲ್ಲು ಮಕ್ಕಳಿಗೆ ಹಿಡಿಸುತ್ತದೋ ಇಲ್ಲವೋ ನೋಡೋಣವೆಂದು ಇಬ್ಬರನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ.

ಅಪ್ಪ, ಅಮ್ಮ, ಮೂರು ಮಕ್ಕಳು, ಒಬ್ಬ ಅಜ್ಜ, ಯಾವುದೋ ದೊಡ್ಡ ಊರಿನ ಫ್ಲಾಟು. ಯಾರು ಏನಂದರೂ ಹಿಂದಿನಿಂದ ಗೊಳ್ ಎಂದು ನಗುವ ಸದ್ದು. ನಾನು ಕಾಯುತ್ತಿದ್ದದ್ದು ಮೂರೇ ಮೂರಕ್ಕೆ: ಮುತ್ತು, ಕುಡಿತ, ಕೆಟ್ಟ ಬೈಗುಳ. ನಾವು ಚಿಕ್ಕವರಿದ್ದಾಗ ಸಿನಿಮಾದಲ್ಲಿ ಹೀರೋ ಹೀರೋಯಿನ್ ಸ್ವಲ್ಪ ಹತ್ತಿರ ಬಂದರೆ ಸಾಕು, ನಮ್ಮಪ್ಪ ಗಂಟಲು ಸರಿಮಾಡಿಕೊಂಡು, "ಹೋಗಿ ಒಂದು ಲೋಟ ನೀರು ತಾ" ಎನ್ನುತ್ತಿದ್ದರು. ತಂದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ನನ್ನ ಮಕ್ಕಳಿಗೆ ಹೀಗೆ ಮಾಡಬಾರದು ಅಂದುಕೊಂಡಿದ್ದೆ. ಎರಡನೇ ಕಂತಿನಲ್ಲಿ ಆ ಮನೆಯ ದೊಡ್ಡ ಹುಡುಗ ಪಕ್ಕದ ಮನೆಯ ಹುಡುಗಿಯ ಕಡೆ ಬಾಗಿದ ಕೂಡಲೇ ನನ್ನ ಬಾಯಿಂದಲೂ ಅದೇ ಮಾತು ಬಂತು.

ದೊಡ್ಡವಳು ಕೂತಲ್ಲಿಂದ ಅಲ್ಲಾಡದೆ, "ಬಾಯಾರಿಕೆ ನಿಂಗಾ ಅಮ್ಮ, ಆ ಹುಡುಗಂಗಾ?" ಎಂದಳು. ಚಿಕ್ಕವಳು ಪಾಪ, ಎದ್ದು ಹೋಗಿ ತಂದಳು. ಆರನೇ ಕಂತು ಮುಗಿಯುವಷ್ಟರಲ್ಲಿ ಟೀಪಾಯಿಯ ಮೇಲೆ ನಾಲ್ಕು ಲೋಟ ನೀರು ಸಾಲಾಗಿ ನಿಂತಿತ್ತು.

ಆ ಸೀರಿಯಲ್ಲಿನ ಅಪ್ಪನಿಗೆ ಮಾತೆತ್ತಿದರೆ ಹೆಂಡತಿಯ ಮೇಲೇ ಜೋಕು. ಅವಳ ಸಾರು, ಅವಳ ಇಂಗ್ಲಿಷು, ಅವಳ ಮೈ. ಒಂದು ಸಲ ಅವಳು ಕೆಲಸಕ್ಕೆ ಸೇರುತ್ತೇನೆ ಎಂದರೆ ಅವನು, "ಮೊದಲು ಫ್ಯಾನಿನ ಸ್ವಿಚ್ಚು ಯಾವುದು ಅಂತ ಕಲಿತುಕೋ" ಎಂದ. ಗೊಳ್. ಅವಳು ಒಂದು ಗಳಿಗೆ ಮುಖ ಊದಿಸಿಕೊಂಡು ಆಮೇಲೆ ತಾನೂ ನಕ್ಕಳು. ಅದಕ್ಕೆ ನಾನು ಯಾರನ್ನೂ ನೀರಿಗೆ ಕಳಿಸಲಿಲ್ಲ. ಕಳಿಸಬೇಕೆಂದು ಹೊಳೆಯಲೂ ಇಲ್ಲ. ದೊಡ್ಡವಳು ನಗದೆ ಕೂತಿದ್ದಳು. ಬೇಜಾರಾಗಿರಬೇಕು, ಈ ವಯಸ್ಸೇ ಹಾಗೆ ಅಂದುಕೊಂಡೆ.

ಸಂಜೆ ಗುಂಪಿನಲ್ಲಿ ಬರೆದೆ: "ನಾಲ್ಕು ಕಡೆ ಸ್ವಲ್ಪ ಓಡಿಸಿಬಿಡಿ. ಉಳಿದದ್ದು ಮನೆಮಂದಿಯೆಲ್ಲ ಕೂತು ನೋಡಬಹುದಾದ ಒಳ್ಳೆಯ ಹಾಸ್ಯ." ಮತ್ತೆ ಕೈಮುಗಿಯುವ ಚಿತ್ರಗಳು ಬಂದವು.

ಮರುದಿನ ಭಾನುವಾರ. ಕಳಸದಿಂದ ನಮ್ಮನೆಯವರ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಕಡುಬು ಬೇಯಿಸಿ, ಕೋಳಿ ಸಾರು ಮಾಡಿದ್ದೆ. ನಮ್ಮನೆಯವರು ಒಳ್ಳೆಯವರೆಂದೇ ಹೇಳಬೇಕು. ಕುಡಿಯುವುದಿಲ್ಲ, ಕೈ ಎತ್ತಿದವರಲ್ಲ. ಆದರೆ ಮನೆಗೆ ನಾಲ್ಕು ಜನ ಬಂದರೆ ಅವರಿಗೊಂದು ತಮಾಷೆ ಬೇಕು, ಆ ತಮಾಷೆ ನಾನೇ ಆಗಬೇಕು. ಅವತ್ತು ಸ್ಕೂಟರಿನ ಕಥೆ ತೆಗೆದರು. ಮದುವೆಯಾದ ಹೊಸತರಲ್ಲಿ ಸ್ಕೂಟರ್ ಕಲಿಯಲು ಹೋಗಿ, ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರ್ ತಿರುಗಿಸಿ, ಕಣದಲ್ಲಿ ಒಣಹಾಕಿದ್ದ ಕಾಫಿಯ ರಾಶಿಗೆ ನುಗ್ಗಿದ್ದೆ. ಎಷ್ಟು ಸಲ ಕೇಳಿದ್ದೇನೋ, ಪ್ರತಿ ಸಲವೂ ಅದಕ್ಕೊಂದು ಹೊಸ ಬಾಲ.

"ಗಾಡಿಗೆ ಬ್ರೇಕ್ ಇತ್ತು ಭಾವ, ಇವಳ ತಲೆಗೇ ಇರ್ಲಿಲ್ಲ" ಎಂದರು. "ಇಂಥವಳು ಪಾಠ ಮಾಡ್ತಾಳೆ ಅಂದ್ರೆ ಆ ಮಕ್ಕಳ ಗತಿ ನೋಡಿ."

ಎಲ್ಲರೂ ನಕ್ಕರು. ಸಾರಿನ ಸೌಟು ಹಿಡಿದು ನಿಂತಿದ್ದ ನಾನೂ ನಕ್ಕೆ. ಆಗ ದೊಡ್ಡವಳು ತಂಗಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಹೋಗಿ ಒಂದು ಲೋಟ ನೀರು ತಾ."

"ಇಲ್ಲೇ ಇದೆಯಲ್ಲ ಅಕ್ಕ."

"ಇನ್ನೊಂದು ತಾ."

ಬೇರೆ ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ಮುಖ ಸುಟ್ಟ ಹಾಗಾಯಿತು. ಗಂಡನ ಮೇಲಿನ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು. ಈ ಹುಡುಗಿ ಎಷ್ಟು ವರ್ಷದಿಂದ ಇದನ್ನೆಲ್ಲ ನೋಡುತ್ತಾ ಕೂತಿದ್ದಾಳೋ, ನಾನು ಒಂದು ದಿನವೂ ಅವಳ ಮುಖ ನೋಡಿರಲಿಲ್ಲ.

ಪಾತ್ರೆ ತೊಳೆಯುವಾಗ ಅವಳು ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು. "ನೀನ್ಯಾಕೆ ನಗ್ತೀಯ ಅಮ್ಮ?" ಎಂದಳು.

"ಅಭ್ಯಾಸ ಕಣೆ."

"ಸೀರಿಯಲ್ಲಲ್ಲಿ ಅವಳೂ ಹಂಗೇ ನಗ್ತಾಳೆ. ಅದನ್ನ ಎಲ್ರೂ ನೋಡಬಹುದು ಅಂತ ನೀನು ಬರ್ದಿದೀಯ." ಒಂದು ತಟ್ಟೆ ಒರೆಸಿಟ್ಟು ಮತ್ತೆ ಕೇಳಿದಳು, "ನಂಗೂ ಅದೇ ಅಭ್ಯಾಸ ಆಗುತ್ತಾ?"

ಮೂವತ್ತು ಮಕ್ಕಳ ಪ್ರಶ್ನೆಗೆ ದಿನವಿಡೀ ಉತ್ತರ ಹೇಳುವವಳು ನಾನು. ನಲ್ಲಿ ನಿಲ್ಲಿಸಿ ಕಾಫಿಗೆ ಹಾಲಿಟ್ಟೆ.

ಕಾಫಿ ಕುಡಿದು ಹೊರಡುವುದೆಂದು ಅಕ್ಕ, ಭಾವ ಜಗಲಿಯಲ್ಲಿ ಕೂತಿದ್ದರು. ಮಕ್ಕಳಿಬ್ಬರೂ ಅಲ್ಲೇ ಇದ್ದರು. ನಾನು ಟ್ರೇ ಹಿಡಿದು ಹೋಗುವಾಗ ನಮ್ಮನೆಯವರು, "ಅಕ್ಕ, ಇನ್ನೊಂದು ಕೇಳು. ಹೋದ ವಾರ ಇವಳು ಮೂಡಿಗೆರೆಗೆ ಹೋಗಿ..." ಎಂದು ಶುರುಮಾಡಿದರು.

ಟ್ರೇ ಕೆಳಗಿಟ್ಟೆ. "ಸಾಕು ಮಾಡಿ. ನಂಗೆ ಸುಸ್ತಾಗಿದೆ" ಎಂದೆ.

"ತಮಾಷೆ ಮಾರಾಯ್ತಿ."

"ನಂಗೆ ತಮಾಷೆ ಅನ್ಸಲ್ಲ. ಯಾವತ್ತೂ ಅನ್ಸಿಲ್ಲ. ಸುಮ್ನೆ ನಗ್ತಿದ್ದೆ, ಅಷ್ಟೆ."

ಭಾವ ಕಾಫಿ ಲೋಟದ ಒಳಗೆ ನೋಡುತ್ತಾ ಕೂತರು. ನಮ್ಮನೆಯವರ ಮುಖದ ನಗು ಅರ್ಧಕ್ಕೇ ನಿಂತಿತ್ತು. ಚಿಕ್ಕವಳು ಅವರ ಮುಖ, ನನ್ನ ಮುಖ ನೋಡಿ ಎದ್ದು ನಿಂತಳು. "ಅಕ್ಕ, ನೀರು ತರ್ಲಾ?"

ದೊಡ್ಡವಳು ಅವಳ ಕೈ ಹಿಡಿದು ಕೆಳಗೆ ಕೂರಿಸಿದಳು.

"ಬೇಡ, ಕೂತ್ಕೋ. ಇದು ನೋಡಬಹುದು."