ಟರ್ಕಿ ಮರಿಗಳ ಓನರಮ್ಮ

ಓನರಮ್ಮನ ಬಲಗೈ ತೋರುಬೆರಳಿನ ಉಗುರು ಉಳಿದ ಉಗುರುಗಳ ಹಾಗಿರಲಿಲ್ಲ. ದಪ್ಪಗಾಗಿ, ಹಳದಿಗೆ ತಿರುಗಿ, ತುದಿಯಲ್ಲಿ ಒಂದು ಕಡೆ ಸವೆದು ಓರೆಯಾಗಿತ್ತು. ಹೊಲಿಗೆಯವರಾದ ನಮ್ಮ ಬೆರಳುಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದರೆ, ಅವರ ಬೆರಳು ಸವೆದದ್ದು ತಟ್ಟೆ ಕುಟ್ಟಿ ಕುಟ್ಟಿ. ಟರ್ಕಿ ಕೋಳಿಯ ಮರಿಗಳಿಗೆ ಹುಟ್ಟುತ್ತಲೇ ತಿನ್ನಲು ಬರುವುದಿಲ್ಲ. ನುಚ್ಚು ಚೆಲ್ಲಿದರೆ ಅದರ ಮೇಲೆಯೇ ನಿಂತು ಹಸಿವೆಗೆ ಕೂಗುತ್ತವೆ, ಕೂಗಿ ಕೂಗಿ ಸತ್ತೂ ಹೋಗುತ್ತವೆ. ಅದಕ್ಕೇ ಓನರಮ್ಮ ಸ್ಟೀಲ್ ತಟ್ಟೆ ಮುಂದಿಟ್ಟುಕೊಂಡು, ಬೆರಳನ್ನು ಕೊಕ್ಕಿನ ಹಾಗೆ ಬಾಗಿಸಿ, ಟಕ್ ಟಕ್ ಎಂದು ಕುಟ್ಟುತ್ತ ಕೂರುತ್ತಿದ್ದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅವರು ರಾಯದುರ್ಗದಲ್ಲಿ ನಾನು ಬಾಡಿಗೆಗಿದ್ದ ವಠಾರದ ಒಡತಿ. ಬೆಟ್ಟದ ಬುಡದ ಓಣಿ, ಸಾಲಾಗಿ ಒಂದೊಂದೇ ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಆಗ ಊರಿನ ತುಂಬ ಜೀನ್ಸ್ ಹೊಲಿಯುವ ಕೆಲಸ. ಬೆಳಗಾದರೆ ಹಕ್ಕಿಯ ಸದ್ದಿಗಿಂತ ಮೊದಲು ಮಷೀನಿನ ಸದ್ದು ಕೇಳುತ್ತಿತ್ತು. ನನ್ನ ಊರು ಮಡಕಶಿರಾದ ಕಡೆ, ಗುಡಿಬಂಡೆಯಿಂದ ಆಟೊ ಹತ್ತಿ ಹೋಗಬೇಕಾದ ಹಳ್ಳಿ. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ಅಲೆಯುತ್ತಿದ್ದರು. ಒಮ್ಮೆ ಹೊರಟರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹಿಂದೂಪುರಕ್ಕೋ ಬೆಂಗಳೂರಿಗೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ, ನಾನು ಪರಿಚಯದವರೊಬ್ಬರ ಮಾತು ಕೇಳಿ ರಾಯದುರ್ಗಕ್ಕೆ ಬಂದೆ. ಪ್ಯಾಂಟಿಗೆ ಜೇಬು ಕೂರಿಸುವ ಕೆಲಸ ಸಿಕ್ಕಿತು. ನಡೆಯಲು ಕಲಿತಿದ್ದ ಮಗಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟಿದ್ದೆ.

ಮನೆ ಕೇಳಲು ಹೋದ ದಿನ ಓನರಮ್ಮ ನನ್ನ ಗಂಡನ ಬಗ್ಗೆ ಕೇಳಲಿಲ್ಲ, ಜಾತಿ ಕೇಳಲಿಲ್ಲ. "ರೂಮಿನ್ಯಾಗ ಏನರ ಮಾಡ್ಕೊ. ನನ್ನ ಟರ್ಕಿಗೆ ಮಾತ್ರ ಹಚ್ ಅನ್ನಂಗಿಲ್ಲ," ಎಂದರು. ಅದೊಂದೇ ಕರಾರು.

ಅಂಗಳದಲ್ಲಿ ಒಂದು ಗಂಡು, ಒಂದು ಹೆಣ್ಣು ಟರ್ಕಿ ಇದ್ದವು. ಜೀನ್ಸಿಗೆ ಗುಂಡಿ, ಜಿಪ್ಪು ಮಾರುವ ಅವರ ಮಗ ಕಲ್ಯಾಣದುರ್ಗದ ಕಡೆಯಿಂದ ಆ ಜೋಡಿಯನ್ನು ತಂದಿದ್ದ. ಗಂಡು ರೆಕ್ಕೆ ಇಳಿಬಿಟ್ಟು, ಬಾಲ ಅಗಲಿಸಿ ಮದುವೆ ಗಂಡಿನ ಠೀವಿಯಲ್ಲಿ ಓಡಾಡುತ್ತಿತ್ತು. ಹೆಣ್ಣು ಸಾಧು. ಓನರಮ್ಮ ನಮ್ಮನ್ನೆಲ್ಲ ಕನ್ನಡದಲ್ಲಿ ಬೈಯುತ್ತಿದ್ದರು, ಟರ್ಕಿಗಳನ್ನು ತೆಲುಗಿನಲ್ಲಿ ಮುದ್ದು ಮಾಡುತ್ತಿದ್ದರು. "ದಾ ನಾಯನಾ, ಕೊಂಚೆಂ ತಿನು," ಬಾರಪ್ಪ ಸ್ವಲ್ಪ ತಿನ್ನು ಅಂತ. ಯಾಕೆ ಹೀಗೆ ಎಂದು ಕೇಳಿದರೆ, "ತೆಲುಗರ ಮನಿಯಾಗ ಬೆಳದಾವ. ನಮ್ಮ ಮಾತು ಅವಕ್ಕ ಹೆಂಗ ತಿಳೀಬೇಕು?" ಎನ್ನುತ್ತಿದ್ದರು. ನಗದೆ ಹೇಳುತ್ತಿದ್ದರು.

ಆ ವರ್ಷ ಸಂಕ್ರಾಂತಿಗೆ ಊರಿಗೆ ಹೋದೆ. ಬಾಗಿಲಲ್ಲಿ ನಿಂತು ಕೈ ಚಾಚಿದರೆ ಮಗಳು ನನ್ನ ಅಮ್ಮನ ಸೆರಗಿನ ಹಿಂದೆ ಅಡಗಿದಳು. ನನ್ನ ಅಮ್ಮನನ್ನೇ ಅಮ್ಮ ಎನ್ನುತ್ತಿದ್ದಳು. ನನ್ನ ತಮ್ಮಂದಿರು ಕರೆಯುವುದನ್ನು ಕೇಳಿ ನನ್ನನ್ನು ಅಕ್ಕ ಎಂದಳು. ತುತ್ತು ಕಲಸಿ ಬಾಯಿಯ ಹತ್ತಿರ ಒಯ್ದರೆ, ಜೀನ್ಸಿನ ಬಣ್ಣ ಹಿಡಿದು ನೀಲಿಯಾಗಿದ್ದ ನನ್ನ ಬೆರಳುಗಳನ್ನು ನೋಡಿ ಬಾಯಿ ಬಿಗಿ ಹಿಡಿದಳು. "ಅದುಕ್ಕೇನು ಗೊತ್ತಾಯ್ತದೆ, ದೊಡ್ಡೋಳಾದ್ರೆ ಸರಿ ಹೋಯ್ತಾಳೆ ಬಿಡು," ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಪಾವಗಡದ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಉಗಾದಿಗೆ ಊರಿಗೆ ಹೋಗಲಿಲ್ಲ. ಇನ್ನೊಮ್ಮೆ ಅಕ್ಕ ಎನಿಸಿಕೊಳ್ಳುವ ಧೈರ್ಯವಿರಲಿಲ್ಲ.

ಮೊದಲ ಮಳೆ ಬಿದ್ದು ಓಣಿಯಲ್ಲಿ ಸೊಳ್ಳೆ ಎದ್ದ ಕಾಲಕ್ಕೆ ಹೆಣ್ಣು ಟರ್ಕಿಗೆ ಕಾಯಿಲೆ ಬಂತು. ಮೊಟ್ಟೆಯಿಟ್ಟು ಮುಗಿಸಿ ಇನ್ನೇನು ಕಾವಿಗೆ ಕೂರಬೇಕು, ಅಷ್ಟರಲ್ಲಿ ಬೋಳು ತಲೆಯ ಮೇಲೆ, ಕತ್ತಿನ ಮೇಲೆ ಕಡಲೆಕಾಳಿನಷ್ಟು ಗಂಟುಗಳೆದ್ದವು. ಕಣ್ಣಿನ ಸುತ್ತ ಊದಿ ರೆಪ್ಪೆಗಳು ಅಂಟಿಕೊಂಡವು. ದನದ ಡಾಕ್ಟರು ಬಂದು ನೋಡಿ, ಇದು ಕೋಳಿ ಸಿಡುಬು, ತಾನಾಗಿ ಇಳಿಯಬೇಕು, ಅಲ್ಲಿಯ ತನಕ ಕೈಯಾರೆ ತಿನ್ನಿಸಿ ಉಳಿಸಿಕೊಳ್ಳಿ ಎಂದು ಹೇಳಿ ಹೋದರು. ಓನರಮ್ಮನ ಮನೆಯ ನಾಟಿ ಕೋಳಿಗಳಿಗೂ ಅಲ್ಲೊಂದು ಇಲ್ಲೊಂದು ಗಂಟು ಕಾಣಿಸಿತ್ತು.

ದಿನಾ ಕೆಲಸದಿಂದ ಬಂದ ಮೇಲೆ ನಾನು ಅವರ ಜೊತೆ ಕೂರುತ್ತಿದ್ದೆ. ತಪ್ಪು ಹೊಲಿದು ಮೂಲೆಗೆ ಬಿದ್ದಿದ್ದ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಅದರೊಳಗೆ ಟರ್ಕಿಯನ್ನು ತೂರಿಸುತ್ತಿದ್ದೆವು. ಆಗ ರೆಕ್ಕೆ ಬಡಿಯಲು ಆಗುತ್ತಿರಲಿಲ್ಲ. ಜೀನ್ಸ್ ತೊಟ್ಟ ಟರ್ಕಿಯನ್ನು ನಾನು ತೊಡೆಯ ಮೇಲೆ ಹಿಡಿದರೆ, ಓನರಮ್ಮ ಬೇವಿನೆಲೆ ಅರಿಸಿನ ಕುದಿಸಿದ ಬೆಚ್ಚನೆ ನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸುವರು. ರಾಗಿ ಮುದ್ದೆಯನ್ನು ಗೋಲಿಯಷ್ಟು ಉಂಡೆ ಮಾಡಿ, ನೀರಲ್ಲಿ ಅದ್ದಿ, ಕೊಕ್ಕು ಬಿಡಿಸಿ ಒಳಗಿಡುವರು. ಅದು ನುಂಗಿತೋ ಇಲ್ಲವೋ ಎಂದು ಕತ್ತು ಸವರಿ ನೋಡುವರು. ಮೊಟ್ಟೆಗಳನ್ನು ತಣ್ಣಗಿನ ಮಡಕೆಯಲ್ಲಿ ರಾಗಿ ಹೊಟ್ಟಿನೊಳಗೆ ಇಟ್ಟಿದ್ದರು.

ಹಾಗೆ ಕೂತಿದ್ದಾಗ ಒಂದು ಸಂಜೆ ಕೇಳಿದರು. "ಉಗಾದಿಗೂ ಊರಿಗೆ ಹೋಗ್ಲಿಲ್ಲ. ಯಾಕವಾ?"

"ರಜಾ ಸಿಗ್ಲಿಲ್ಲಮ್ಮ."

"ರಜಾ ಎಲ್ಲಾರಿಗೂ ಸಿಕ್ಕಿತ್ತು."

ಹೇಳಿಬಿಟ್ಟೆ. ಮಗಳು ಅಕ್ಕ ಎಂದದ್ದು, ನೀಲಿ ಬೆರಳು ನೋಡಿ ಬಾಯಿ ಮುಚ್ಚಿದ್ದು, ಎಲ್ಲ. ಓನರಮ್ಮ ಸಮಾಧಾನದ ಮಾತು ಆಡುವವರಲ್ಲ. ಟರ್ಕಿಯ ಕಣ್ಣು ಒರೆಸುವುದನ್ನು ಮುಗಿಸಿ, ಬಟ್ಟೆ ಹಿಂಡಿ ಹಾಕಿ ಹೇಳಿದರು: "ತತ್ತಿ ಇನ್ನೊಂದು ನಾಕು ದಿನ ತಡೀತಾವ. ನಿಮ್ಮೂರಾಗ ಕಾವಿಗೆ ಕುಂತ ಕೋಳಿ ಇದ್ರ ಹೋಗಿ ತೊಗೊಂಡು ಬಾ."

"ಇಲ್ಲೇ ಯಾರ ಮನೇಲಾದ್ರೂ ಇರ್ತದಲ್ಲಮ್ಮ."

"ಇಲ್ಲೀ ಕೋಳಿಗೆಲ್ಲ ಬ್ಯಾನಿ ಹತ್ತೈತಿ. ನಿಮ್ಮೂರಿಂದನ ತರಬೇಕು. ನಿಮ್ಮ ಮೇಸ್ತ್ರಿಗೆ ನಾ ಹೇಳ್ತೀನಿ, ನೀ ಹೋಗು."

ಪಕ್ಕದ ಓಣಿಯ ಇಸ್ತ್ರಿ ಅಂಗಡಿಯವರ ಮನೆಯಲ್ಲಿ ಕಾಯಿಲೆಯಿಲ್ಲದ ಕೋಳಿಯೊಂದು ಅದೇ ವಾರ ಕಾವಿಗೆ ಕೂತಿತ್ತು, ಅದು ಓನರಮ್ಮನಿಗೂ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಊರಿಗೆ ಹೋದರೆ ಅಮ್ಮನ ಮನೆಯಲ್ಲಿ ಕೆಂಪು ಕೋಳಿ ಮಂಕರಿಯಲ್ಲಿ ಕೂತಿತ್ತು. ಆದರೆ ಅದು ನನ್ನ ಮಗಳ ಕೋಳಿ. ಅವಳೇ ಕಾಳು ಹಾಕಿ ಸಾಕಿದ್ದಂತೆ. ಎತ್ತಿಕೊಳ್ಳಲು ಹೋದೆ, ಮಂಕರಿಯನ್ನು ತಬ್ಬಿಕೊಂಡು ಕೂತಳು. "ನನ್ ಕೋಳಿ. ಅಕ್ಕ ಒಯ್ಯಬ್ಯಾಡ," ಎಂದಳು. ಆ ಅಕ್ಕ ಮತ್ತೆ ಚುಚ್ಚಿತು. ಏನು ತೋಚಿತೋ, "ಹಂಗಾದ್ರೆ ನೀನೂ ಕೋಳಿ ಜೊತೆ ಬಾ," ಎಂದೆ. ಅವಳು ಕೋಳಿಯನ್ನು ನೋಡಿದಳು, ನನ್ನ ಅಮ್ಮನನ್ನು ನೋಡಿದಳು, ಆಮೇಲೆ ತಲೆಯಾಡಿಸಿದಳು. ಅಮ್ಮ ಒಳಗೆ ಹೋಗಿ ಅವಳ ಲಂಗಗಳನ್ನು ಚೀಲಕ್ಕೆ ತುಂಬಿದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. "ಅಳ್ತಾಳೆ ಅಂತ ವಾಪಸ್ ಕರ್ಕೊಂಡ್ ಬರಬ್ಯಾಡ. ನಂಗೆ ಮತ್ತೆ ಕಳಿಸೋಕೆ ಆಗಲ್ಲ," ಎಂದಳು.

ದಾರಿಯುದ್ದಕ್ಕೂ ಮಗಳ ಕೈ ಮಂಕರಿಯ ಮೇಲಿತ್ತು, ನನ್ನ ಮೇಲಲ್ಲ. ವಠಾರದ ಬಾಗಿಲಲ್ಲಿ ಓನರಮ್ಮ ನಮ್ಮಿಬ್ಬರನ್ನೂ ನೋಡಿ, "ಕೋಳಿ ಹಿಂದ ಬಂದ್ರೂ ಬಂದ್ಲಲ್ಲ, ಸಾಕು," ಎಂದರು.

ಕಾಯಿಲೆಯ ಅಂಗಳದಿಂದ ದೂರವಿರಲೆಂದು ಕೋಳಿಯನ್ನು ನನ್ನ ಕೋಣೆಯಲ್ಲೇ ಕೂರಿಸಿದೆವು. ಮಂಕರಿಯೊಳಗೆ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಇದ್ದಿಲಿನ ಚೂರು, ಒಂದು ಮುರಿದ ಕತ್ತರಿ. ಅದರ ಮೇಲೆ ಟರ್ಕಿ ಮೊಟ್ಟೆ. ವಾರ ಕಳೆದ ಮೇಲೆ ಓನರಮ್ಮ ಇಸ್ತ್ರಿ ಅಂಗಡಿಯವರಿಂದ ತಂದ ಎರಡು ಕೋಳಿ ಮೊಟ್ಟೆಗಳನ್ನೂ ಒಳಗೆ ಸರಿಸಿದರು. ಟರ್ಕಿ ಮರಿ ನಾಲ್ಕು ವಾರಕ್ಕೆ ಹೊರಬರುತ್ತದೆ, ಕೋಳಿಮರಿ ಮೂರೇ ವಾರಕ್ಕೆ. ಮೊದಲ ವರ್ಷ ಎರಡನ್ನೂ ಒಂದೇ ದಿನ ಇಟ್ಟು ಕೈಸುಟ್ಟುಕೊಂಡಿದ್ದರಂತೆ. "ಕೋಳಿ ತನ್ನ ಮರಿ ಕರ್ಕೊಂಡು ಎದ್ದು ಹೋತು. ಟರ್ಕಿ ತತ್ತಿ ಒಳಗ ಮರಿ ಮಿಸುಕಾಡಾಕತ್ತಿದ್ವು, ಹಂಗ ತಣ್ಣಗಾದ್ವು," ಎಂದು ಹೇಳುವಾಗ ಅವರ ದನಿ ಇಳಿಯುತ್ತಿತ್ತು.

"ಹಂಗಾದ್ರೆ ಕೋಳಿ ಮೊಟ್ಟೆ ಯಾಕಮ್ಮ ಬೇಕು?" ಎಂದೆ.

"ಬೇಕವಾ. ತಿನ್ನಾಕ ಕಲಿಸಾಕ ಒಬ್ರು ಬೇಕು."

ಮರಿಗಳು ಹೊರಬಂದಾಗ ಅರ್ಥವಾಯಿತು. ಕೆಂಪು ಕೋಳಿ ಕೊಕ್ ಕೊಕ್ ಎಂದು ಕರೆದು ನುಚ್ಚು ತೋರಿಸಿದರೂ ಟರ್ಕಿ ಮರಿಗಳು ಪಿಳಿಪಿಳಿ ನೋಡುತ್ತ ನಿಂತವು. ಓನರಮ್ಮ ತಟ್ಟೆ ಕುಟ್ಟಿದರು. ಆ ಸದ್ದಿಗೆ ಕೋಳಿಮರಿಗಳೆರಡೂ ಓಡಿಬಂದು ತಿನ್ನತೊಡಗಿದವು. ಅವನ್ನು ನೋಡಿ ಒಂದು ಟರ್ಕಿ ಮರಿ ಬಗ್ಗಿತು, ಆಮೇಲೆ ಇನ್ನೊಂದು. ಮಗಳು ಮೊಣಕಾಲೂರಿ ನೋಡುತ್ತಿದ್ದಳು.

ಅವಳು ಮಾತ್ರ ನನ್ನ ಕೈಯಿಂದ ಉಣ್ಣುತ್ತಿರಲಿಲ್ಲ. ಹಗಲೆಲ್ಲ ಓನರಮ್ಮನ ಹತ್ತಿರ ಚೆನ್ನಾಗಿಯೇ ಇರುವಳು. ರಾತ್ರಿ ನಾನು ತಟ್ಟೆ ಹಿಡಿದರೆ, "ಅಮ್ಮ ಬೇಕು," ಎಂದು ಊರಿನ ಕಡೆ ಕೈ ತೋರಿಸುವಳು. ತಂದು ತಪ್ಪು ಮಾಡಿದೆನೇನೋ ಎನಿಸುತ್ತಿತ್ತು. ಮರಿಗಳಾದ ಮಾರನೆಯ ದಿನ ಊಟದ ಹೊತ್ತಿಗೆ ಓನರಮ್ಮ ತಮ್ಮ ತಟ್ಟೆಯನ್ನೇ ಹಿಡಿದು ನನ್ನ ಕೋಣೆಗೆ ಬಂದರು. ಮಗಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬೆರಳಿನಿಂದ ತಟ್ಟೆಯ ಅಂಚು ಕುಟ್ಟಿ, ನನ್ನ ಮುಖ ನೋಡಿ, "ಅಮ್ಮಾ, ನನಗೂ ಒಂಚೂರು ಹಾಕು," ಎಂದರು.

ನಾನು ತಬ್ಬಿಬ್ಬಾದೆ. ನನ್ನ ತಾಯಿಗಿಂತ ಹಿರಿಯರು. ಅವರು ಬಾಯಿ ತೆರೆದೇ ಕೂತಿದ್ದರು. ನೀಲಿ ಬೆರಳುಗಳಿಂದಲೇ ತುತ್ತು ಮಾಡಿ ಇಟ್ಟೆ. ಚಪ್ಪರಿಸಿ ತಿಂದು, "ಅಮ್ಮಾ, ಇನ್ನೊಂದು," ಎಂದರು. ಮಗಳ ಕಡೆ ಒಮ್ಮೆಯೂ ತಿರುಗಲಿಲ್ಲ. ಮಗಳು ಅವರ ಬಾಯಿಯನ್ನೇ ನೋಡುತ್ತಿದ್ದಳು.

ದಿನಾ ಹೀಗೆಯೇ ನಡೆಯಿತು. ಓನರಮ್ಮನಿಗೆ ಬಾಡಿಗೆಯವಳು ತಾಯಿಯಾದಳು ಎಂದು ವಠಾರದವರು ಆಡಿಕೊಂಡು ನಕ್ಕರು. ಓನರಮ್ಮ ನಲ್ಲಿಯ ಹತ್ತಿರ ನಿಂತು ಎಲ್ಲರ ಎದುರಿಗೇ, "ಅಮ್ಮಾ, ನಿನ್ನ ಕೊಡ ತುಂಬೈತಿ," ಎಂದು ಕೂಗಿದರು. ಕೆಲವು ದಿನಗಳಲ್ಲಿ ಮಗಳು ಮಾತಿಲ್ಲದೆ ಬಾಯಿ ತೆರೆದಳು. ನನ್ನ ಕೈಯಿಂದ ಉಂಡಳು. ಕರೆಯಲು ಮಾತ್ರ ಕರೆಯಲಿಲ್ಲ.

ಒಂದು ಭಾನುವಾರ ನಾನು ಬಟ್ಟೆ ಒಗೆಯುತ್ತಿದ್ದೆ. ಮರಿಗಳು ಮುಳುಗದಿರಲೆಂದು ನೀರಿನ ಬಟ್ಟಲಿಗೆ ಹಾಕಿದ್ದ ಬೆಣಚುಕಲ್ಲುಗಳನ್ನು ಮಗಳು ಆಟಕ್ಕೆಂದು ತೆಗೆದಿದ್ದಳು. ಟರ್ಕಿ ಮರಿಯೊಂದು ಬಟ್ಟಲಿಗೆ ಬಿತ್ತು. "ಅಮ್ಮಾ, ಮರಿ ನೀರ್ನಾಗೆ ಬಿತ್ತು," ಎಂಬ ಅವಳ ಕೂಗು ಕೇಳಿ ಓಡಿದೆ. ಓಡಿದವಳು ಮರಿಯನ್ನು ಬಿಟ್ಟು ಮಗಳನ್ನು ಎತ್ತಿಕೊಂಡೆ. ನೆನೆದ ಮರಿಯನ್ನು ತೆಗೆದು ಜೀನ್ಸ್ ತುಂಡಿನಲ್ಲಿ ಸುತ್ತಿ ಬೆಚ್ಚಗೆ ಮಾಡಿದವರು ಓನರಮ್ಮ. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ, "ಮರಿ ಬದುಕೈತಿ, ಅಳಬ್ಯಾಡ," ಎಂದರು. ಅಳು ಮರಿಗಲ್ಲ ಎಂದು ಗೊತ್ತಿದ್ದೂ ಹಾಗೆ ಹೇಳಿದರು.

ಮಗಳಿಗೆ ಕಲಿಸುವ ಕೆಲಸ ಮುಗಿದರೂ ನನ್ನನ್ನು ಅಮ್ಮಾ ಎಂದು ಕರೆಯುವುದನ್ನು ಅವರು ಬಿಡಲೇ ಇಲ್ಲ.

ಕಾಯಿಲೆಯ ಟರ್ಕಿ ಉಳಿಯಿತು, ಒಂದು ಕಣ್ಣು ಹೋಯಿತು. ಗಂಟುಗಳು ಉದುರಿ ಅಂಗಳಕ್ಕೆ ಬಂದಾಗ ಅದರ ಮರಿಗಳು ಕೆಂಪು ಕೋಳಿಯ ಹಿಂದೆ ಸಾಲಾಗಿ ಹೋಗುತ್ತಿದ್ದವು. ಅದು ಒಂದೇ ಕಣ್ಣನ್ನು ಓರೆ ಮಾಡಿ ನೋಡುತ್ತ ನಿಲ್ಲುತ್ತಿತ್ತು. ನನಗೆ ಊರಿನಲ್ಲಿದ್ದ ಅಮ್ಮನ ನೆನಪಾಗುತ್ತಿತ್ತು. ಆಮೇಲೆ ಒಂದು ಹಬ್ಬವನ್ನೂ ತಪ್ಪಿಸದೆ ಮಗಳನ್ನು ಕರೆದುಕೊಂಡು ಹೋದೆ.

ಎಷ್ಟೋ ವರ್ಷಗಳ ಮೇಲೆ ಗಂಡ ಲಾರಿ ಬಿಟ್ಟರು. ನಾವು ಗುಡಿಬಂಡೆಗೆ ಬಂದು ರವಿಕೆ ಹೊಲಿಯುವ ಅಂಗಡಿ ಇಟ್ಟೆವು. ಓನರಮ್ಮ ಆಗಾಗ ಫೋನು ಮಾಡುವರು. ಮೊದಲ ಮಾತು, "ಅಮ್ಮಾ, ಉಂಡೀಯೇನು?" ಹೋದ ವರ್ಷ ಅವರ ಮಗನ ಫೋನು ಬಂತು. "ಅವ್ವ ಊಟ ಬಿಟ್ಟಾಳ್ರಿ. ಯಾರು ಕೊಟ್ರೂ ಬಾಯಿ ತೆರೆಯಂಗಿಲ್ಲ. ನೀವು ಒಮ್ಮೆ ಬರ್ರಿ," ಎಂದ. ಹಿಂದೂಪುರದಲ್ಲಿ ಕೆಲಸಕ್ಕಿದ್ದ ಮಗಳೂ ರಜಾ ಹಾಕಿ ಬಂದಳು.

ಓನರಮ್ಮ ಮಂಚದಲ್ಲಿ ಚಿಕ್ಕವರಾಗಿ ಹೋಗಿದ್ದರು. ಅನ್ನ ಮೆತ್ತಗೆ ಕಲಸಿ ಬಾಯಿಯ ಹತ್ತಿರ ಒಯ್ದೆ. ಮುಖ ತಿರುಗಿಸಿದರು. ಮತ್ತೆ ಒಯ್ದೆ, ತುಟಿ ಬಿಗಿ ಹಿಡಿದರು. ಮಗಳು ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದಳು. ಮಂಚ ಹತ್ತಿ ಅವರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಬೆರಳು ಬಾಗಿಸಿ ತಟ್ಟೆಯ ಅಂಚು ಕುಟ್ಟಿ, ನನ್ನ ಮುಖ ನೋಡಿ, "ಅಮ್ಮಾ, ನನಗೂ ಒಂಚೂರು ಹಾಕು," ಎಂದಳು. ಅವಳಿಗೆ ನೆನಪಿತ್ತೋ, ನಾನು ಹೇಳಿ ಹೇಳಿ ಗೊತ್ತಿತ್ತೋ, ಕೇಳಲಿಲ್ಲ. ತುತ್ತು ಇಟ್ಟೆ. ತಿಂದಳು. ಓನರಮ್ಮನ ಕಡೆ ತಿರುಗಲಿಲ್ಲ.

ಓನರಮ್ಮ ಅವಳ ಬಾಯಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಾಯಿ ತೆರೆದರು. ಎರಡು ತುತ್ತು ಉಂಡರು. ಅವರು ನನ್ನ ಕೈಯಿಂದ ಉಂಡದ್ದು ಅದೇ ಕೊನೆ. ನಾವು ಊರಿಗೆ ಮರಳಿದ ವಾರದಲ್ಲೇ ಹೋಗಿಬಿಟ್ಟರು.

ಈಗ ನನ್ನ ಬೆರಳುಗಳಲ್ಲಿ ನೀಲಿ ಇಲ್ಲ. ಮಗಳು ಹಿಂದೂಪುರದಲ್ಲಿ, ಗಂಡ ಮಧ್ಯಾಹ್ನ ಅಂಗಡಿ ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಉಣ್ಣಲು ನಾನೊಬ್ಬಳೇ ಕೂರುತ್ತೇನೆ. ಒಂದೊಂದು ದಿನ ಬೆರಳು ತಾನಾಗಿ ತಟ್ಟೆಯ ಅಂಚಿಗೆ ಹೋಗುತ್ತದೆ. ಕುಟ್ಟಿ, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತೇನೆ. ಆಮೇಲೆ ಉಣ್ಣುತ್ತೇನೆ.