ಬಲಕ್ಕೆ ಬಿದ್ದ ಹೂವು

ನಿನ್ನೆ ಸೊಸೆ ಪೂಜೆಗೆಂದು ಕಣಗಿಲೆ ಹೂವು ತೊಳೆಯುತ್ತಿದ್ದಳು. ಒಂದು ಹೂವು ಒದ್ದೆ ಗೋಡೆಗೆ ಅಂಟಿಕೊಂಡು, ನಾನು ನೋಡುತ್ತಿದ್ದಂತೆ ಮೆಲ್ಲಗೆ ಜಾರಿ ಬಿತ್ತು. ಇಷ್ಟೇ. ನನ್ನ ಕೈಯೊಳಗಿನ ಚಹಾ ಅಲ್ಲೇ ಆರಿತು.

ನಿಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ, ನಮ್ಮ ಕಡೆ ಮನುಷ್ಯರಿಂದ ಬಗೆಹರಿಯದ್ದನ್ನು ದೇವರಿಗೆ ಬಿಡುತ್ತಿದ್ದರು. ಹನುಮಪ್ಪನ ಎರಡೂ ಭುಜಕ್ಕೆ ಒದ್ದೆ ಹೂವು ಹಚ್ಚಿ, ಕೇಳುವುದನ್ನು ಕೇಳಿ, ಕಾಯುತ್ತ ಕೂಡುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಎಮ್ಮೆ ಕೊಳ್ಳುವುದರಿಂದ ಹೆಣ್ಣು ಕೊಡುವವರೆಗೆ ಎಲ್ಲದಕ್ಕೂ ಪಾಪ ಅವನೇ ಭುಜ ಕೊಟ್ಟು ನಿಲ್ಲಬೇಕು. ಕೇಳುವುದಕ್ಕೆ ಇನ್ನೂ ಮೈನೆರೆಯದ ಹುಡುಗಿ ಹೋಗಬೇಕು, ಅಂಥವಳ ಕೈ ಶುದ್ಧ ಎಂದು. ನಮ್ಮ ಮನೆಯಲ್ಲಿ ಆ ಶುದ್ಧ ಕೈ ನನ್ನದು!

ನಮ್ಮೂರು ಯಲವಿಗಿ ಸ್ಟೇಷನ್ನಿನ ಹತ್ತಿರ. ಮನೆಯಲ್ಲಿ ಗಡಿಯಾರ ಇರಲಿಲ್ಲ. ರೈಲು ಕೂಗಿದರೆ ಅಕ್ಕ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಲಗ್ನವಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ದೊಡ್ಡ ಯುದ್ಧದ ಕಾಲ ಅದು, ಸೀಮೆಎಣ್ಣೆಗೂ ತತ್ವಾರ. ಈಗಿನವರು ಬದುಕಿಗೊಂದು ಗುರಿ ಬೇಕು ಅನ್ನುತ್ತಾರೆ. ನನ್ನ ಮೊಮ್ಮಗಳಿಗಂತೂ ತಿಂಗಳಿಗೊಂದು ಗುರಿ. ಆಗ ನಮಗೆ ಅಂಥ ಮಾತೇ ಗೊತ್ತಿರಲಿಲ್ಲ. ಅಕ್ಕನಿಗೂ ಮಾತು ಗೊತ್ತಿರಲಿಲ್ಲ, ಗುರಿ ಮಾತ್ರ ಸಿಕ್ಕಿತ್ತು.

ಅದು ಸಿಕ್ಕಿದ್ದು ಹೀಗೆ. ಪಕ್ಕದ ಮನೆಯ ಹೆರಿಗೆ ಕಷ್ಟವಾಗಿ ಹುಬ್ಬಳ್ಳಿಯಿಂದ ಹೆಣ್ಣು ಡಾಕ್ಟರನ್ನು, ನಮ್ಮ ಮಾತಿನಲ್ಲಿ ಡಾಕ್ಟರ್ ಬಾಯಿಯನ್ನು, ಕರೆಸಿದ್ದರು. ಅಕ್ಕ ದಿನವಿಡೀ ಆಕೆಯ ಕೈಕೆಳಗೆ ನಿಂತಳು. ಸಂಜೆ ಆ ಬಾಯಿ ನಮ್ಮ ಕಟ್ಟೆಗೆ ಬಂದು ಅಪ್ಪನಿಗೆ ಹೇಳಿದರು:

"ಈ ಹುಡುಗೀನ ನಮ್ಮ ದವಾಖಾನಿಗೆ ಕಳಸ್ರಿ. ನರ್ಸ್ ಕೆಲಸ ಕಲಿಸ್ತೇವಿ."

"ಹನುಮಪ್ಪನ್ನ ಒಂದು ಮಾತು ಕೇಳಿ ಹೇಳ್ತೇನ್ರಿ."

"ಬ್ರಹ್ಮಚಾರಿ ದೇವರ್ನ ಬಾಣಂತಿ ವಿಚಾರ ಏನ್ ಕೇಳ್ತೀರಿ ಯಜಮಾನ್ರ?" ಎಂದು ಡಾಕ್ಟರ್ ಬಾಯಿ ನಕ್ಕರು. ಅಪ್ಪ ನಗಲಿಲ್ಲ. ಒಳಗೆ ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮರುದಿನ ನನ್ನ ತಲೆ ಬಾಚುತ್ತ ಅಂದಳು: "ಬಡಬಡ ಅನಬ್ಯಾಡ ತಂಗಿ. ಅಕ್ಕ ಹುಬ್ಬಳ್ಳಿಗೆ ಹೋಗ್ಲೇನಪ್ಪಾ ಅಂತ ಬಿಡಿಸಿ ಕೇಳ." ಆ ಮಾತಿಗಿಂತ ಮೊದಲೇ ಅವ್ವನ ಮಾತು ನನ್ನ ಕಿವಿಯಲ್ಲಿ ಕೂತಿತ್ತು: "ಅಕಿ ಹೋದ್ರ ನೀ ಸಾಲಿ ಬಿಡಬೇಕಾಕ್ಕೈತಿ. ನಾ ಹೊಲಕ್ಕ ಹೋದ್ರ ರೊಟ್ಟಿ ಬಡಿಯಾಕ ಮನ್ಯಾಗ ಮತ್ತ್ಯಾರದಾರ?" ತಡವಾಗಿ ಸಾಲಿಗೆ ಸೇರಿದ ನಾನು ಇನ್ನೂ ಮೂರನೇ ಇಯತ್ತೆ, ಅಂದರೆ ಮೂರನೇ ತರಗತಿ. ಸಾಲಿ ಬಿಡುವುದೆಂದರೆ ಜೀವ ಹೋದಂತೆ. ರೊಟ್ಟಿಯಂತೂ ಇವತ್ತಿಗೂ ನನ್ನ ಕೈಯಲ್ಲಿ ದುಂಡಗೆ ಬರುವುದಿಲ್ಲ.

ಗುಡಿಯಲ್ಲಿ ಪೂಜಾರಿ ಹೂವು ಹಚ್ಚಿ, ಅಂಗಳಕ್ಕೆ ನುಗ್ಗಿದ ಆಡುಗಳನ್ನು ಹೊಡೆಯಲು ಹೊರಗೆ ಹೋದರು. ನಾನು ಬಿಡಿಸಿಯೇ ಕೇಳಿದೆ. ಬಹಳ ಹೊತ್ತು ಕಾಯಿಸಲಿಲ್ಲ ದೇವರು. ಬಲಗಡೆಯ ಹೂವು ಜಾರಿ ಪಾದದ ಮೇಲೆ ಬಿತ್ತು. ಹಿಂದೆಯೇ ಎಡಗಡೆಯದೂ ಬಿತ್ತು.

"ಮೊದಲು ಯಾವ ಕಡೆ ಬಿತ್ತವಾ?" ಹೊರಗಿನಿಂದ ಪೂಜಾರಿ ಕೇಳಿದರು.

"ಎಡಕ್ಕ ಬಿತ್ರೀ ಅಜ್ಜಾರ."

ಮನೆಗೆ ಬಂದು ಅದನ್ನೇ ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. "ಆತು ಬಿಡು" ಎಂದು ಹಂಚು ಇಡಲು ಎದ್ದಳು. ಅವತ್ತು ರೈಲು ಇನ್ನೂ ಕೂಗಿರಲಿಲ್ಲ.

ಮುಂದಿನ ವರ್ಷ ನಾನು ದೊಡ್ಡವಳಾದೆ. ಸಾಲಿ ಹೇಗೂ ಬಿಡಿಸಿದರು. ಒಂದು ವರ್ಷದ ಸಾಲಿಗಾಗಿ ಅಕ್ಕನ ಇಡೀ ಬದುಕನ್ನು ತೆಗೆದುಕೊಂಡಿದ್ದೆ. ಲಗ್ನವಾಗಿ ತಿಳವಳ್ಳಿಗೆ ಬಂದೆ. ಅಕ್ಕ ಊರಲ್ಲೇ ಉಳಿದು, ಯಾರ ಮನೆಯ ಹೆರಿಗೆಯಾದರೂ ನೀರು ಕಾಯಿಸಲು ಓಡುತ್ತಿದ್ದಳು. ಜನ ಅವಳನ್ನು ಹೊಗಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಇವತ್ತು ಮುಂಜಾನೆ ಹಾನಗಲ್ಲಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತವರೂರಿಗೆ ಬಂದೆ. ಈಗ ತಮ್ಮನದಾಗಿರುವ ಆ ತವರುಮನೆಯ ಪಡಸಾಲೆಯಲ್ಲಿ ಅಕ್ಕ ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ನೀರನ್ನೂ ಕುಡಿಯದೆ ಎಲ್ಲ ಹೇಳಿಬಿಟ್ಟೆ.

"ಬಲಕ್ಕ ಬಿದ್ದಿತ್ತು?"

"ಬಲಕ್ಕ, ಅಕ್ಕ."

"ಖರೇನ?"

"ಖರೇನ."

ಕೈಯೊಳಗಿನ ಶೇಂಗಾ ಮೊರಕ್ಕೆ ಹಾಕಿದಳು. ಆಮೇಲೆ, "ಅಯ್ಯ ಶಿವನ, ಅವತ್ತಿನಿಂದ ಆ ಹನುಮಪ್ಪಗ ಕೈ ಮುಗಿದಿಲ್ಲ ನಾ. ಎಲ್ಲಾರೂ ಗುಡಿಯೊಳಗ ಹೋದ್ರ ಚಪ್ಪಲಿ ಕಾಯ್ಕೊಂತ ಹೊರಗ ನಿಂತೇನಿ" ಎಂದಳು. ಹೌದು, ನಿಲ್ಲುತ್ತಿದ್ದಳು. ಕಾಲುನೋವು ಇರಬೇಕೆಂದು ನಾನು ತಿಳಿದಿದ್ದೆ.

ಸೀರೆ ಕೊಡವಿ, ಕೋಲು ಹಿಡಿದು ಎದ್ದಳು.

"ಎಲ್ಲಿಗೆ ಅಕ್ಕ?"

"ಗುಡಿಗೆ. ತಪ್ಪಾತಪ್ಪಾ ಅಂತ ಹೇಳಿ ಬರ್ತೇನಿ."

"ನಾನೂ ಬರ್ತೇನಿ."

ಹೊಸ್ತಿಲಲ್ಲಿ ತಿರುಗಿ ನಿಂತಳು. ಕಣ್ಣು ಕೆಂಪಾಗಿತ್ತು. "ನೀ ಬ್ಯಾಡ. ಅವನ ಕೂಡ ನಂದೊಂದು ಲೆಕ್ಕ ಐತಿ. ನಿಂದು ನನ್ನ ಕೂಡ ಐತಿ. ಇಲ್ಲೇ ಕುಂದ್ರು, ಬರ್ತೇನಿ."

ಓಣಿಯಲ್ಲಿ ಕೋಲಿನ ಸಪ್ಪಳ ದೂರವಾಯಿತು. ನಾನು ಮೊರ ಎಳೆದುಕೊಂಡು, ಅವಳು ಬಿಟ್ಟುಹೋದ ಶೇಂಗಾ ಸುಲಿಯತೊಡಗಿದೆ.